ಬೆರಳ ತುದಿಯ ಎರಡು ಗುರುತು

ಮಾನ್ಯರೇ, ಆರೈಕೆ ಮಂದಿರದ ಮುಖ್ಯ ಆಡಳಿತಾಧಿಕಾರಿಗಳೇ,

ಬರುವ ಸೋಮವಾರ ನಿಮ್ಮ ಜನ ಕಾಸ್ಟಿಕ್ ಸೋಡಾ ಕರಗಿಸಿದ ಬಕೆಟ್ ಹಿಡಿದು ಮರೆವಿನ ವಾರ್ಡಿಗೆ ಬರುತ್ತಾರಂತೆ. ಅಲ್ಲಿನ ಕಾರಿಡಾರಿನಲ್ಲಿ ರೋಗಿಗಳು ಹಿಡಿದು ನಡೆಯುವ ಅಲ್ಯೂಮಿನಿಯಂ ಕಂಬಿಗೆ ನೀವು ಬಳಿಸಿದ ಬೂದು ಬಣ್ಣ ಆಗಲೇ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ. ಅದನ್ನು ತೊಳೆದು ಮತ್ತೆ ಬೂದು ಬಳಿಯಬೇಕೆಂಬುದು ನಿಮ್ಮ ಅಪ್ಪಣೆ. ದಯವಿಟ್ಟು ಆ ಬಕೆಟ್ಟನ್ನು ಒಳಗೆ ಬಿಡಬೇಡಿ. ಅದು ಬಣ್ಣದ ಜೊತೆ ನನ್ನ ಅಕ್ಕನ ದಾರಿಯನ್ನೂ ತೊಳೆದುಬಿಡುತ್ತದೆ.

ಈ ಸಂಗತಿಯನ್ನು ಮೊದಲು ಹೇಳಿದವಳು ಆ ವಾರ್ಡಿನ ಆಯಾ. ಹೋದ ಭಾನುವಾರ ಸಂಜೆ, ಕೆಲಸ ಮುಗಿಸಿ ಮನೆಗೆ ಹೋಗುತ್ತಾ ಅಕ್ಕನ ಗಂಡನ, ಅಂದರೆ ನಮ್ಮ ಭಾವನ, ಶೆಡ್ಡಿನ ಕಟ್ಟೆಯ ಮೇಲೆ ಕೂತು ಹೇಳಿದಳು. ಕೇಳಿದವರು ನಾನು, ಭಾವ, ಶೆಡ್ಡಿನ ನಾಲ್ಕಾರು ಕೆಲಸಗಾರರು. ಕೇಳಿದ್ದನ್ನೇ ಒಪ್ಪಿಸುತ್ತಿದ್ದೇನೆ, ಉಪ್ಪು ಖಾರ ಹಚ್ಚಿಲ್ಲ.

ಭಾವನದು ಅನೋಡೈಸಿಂಗ್ ಶೆಡ್ಡು. ನಿಮ್ಮ ವಾರ್ಡಿನ ಕಂಬಿಗಳಿಗೆ ಮೊದಲಿನ ಜೇನುಬಣ್ಣ ಹತ್ತಿಸಿದ್ದೂ ಅಲ್ಲೇ. ಅಲ್ಯೂಮಿನಿಯಂ ತುಂಡನ್ನು ಕ್ಲಿಪ್ಪಿಗೆ ಕಚ್ಚಿಸಿ, ಆಸಿಡ್ ತೊಟ್ಟಿಯೊಳಗೆ ಇಳಿಬಿಟ್ಟು ಕರೆಂಟು ಹರಿಸುತ್ತಾರೆ. ಆಗ ಲೋಹದ ಮೈಯಿಂದಲೇ ಒಂದು ಗಟ್ಟಿ ಚರ್ಮ ಬೆಳೆಯುತ್ತದೆ. ಆ ಚರ್ಮಕ್ಕೆ ಬಣ್ಣ ಕುಡಿಸಿ ಕುದಿನೀರಿನಲ್ಲಿ ಅದ್ದಿ ತೆಗೆದರೆ, ಬಣ್ಣ ಒಳಗೇ ನಿಂತಿತು. ನಿಮ್ಮ ಬೂದು ಮೇಲೆ ಬಂದು ಕೂತದ್ದು, ಆ ಕಂಬಿಯ ಜೇನುಬಣ್ಣ ಮೈಯೊಳಗಿನದು. ಒಂದು ಉದುರುತ್ತಿದೆ, ಇನ್ನೊಂದು ಇಷ್ಟು ವರ್ಷ ಅಷ್ಟು ಜನರ ಕೈ ಸವರಿದರೂ ಹೋಗಲಿಲ್ಲ. ಕ್ಲಿಪ್ಪು ಕಚ್ಚಿದ ಜಾಗದಲ್ಲಿ ಮಾತ್ರ ಚರ್ಮ ಬೆಳೆಯುವುದಿಲ್ಲ. ಅಲ್ಲೊಂದು ಅಕ್ಕಿಕಾಳಿನಷ್ಟು ಬೋಳು ತಗ್ಗು ಉಳಿದುಬಿಡುತ್ತದೆ.

ಕ್ಲಿಪ್ಪು ಹಾಕುವ ಕೆಲಸ ಅಕ್ಕನದು. ನಿಮ್ಮ ಕಂಬಿಗಳಿಗೂ ಅವಳೇ ಹಾಕಿದಳು, ತುಂಡಿಗೊಂದರಂತೆ, ಕಣ್ಣಿಗೆ ಬೀಳದ ಅಡಿಭಾಗದಲ್ಲಿ. ಒಂದು ತುಂಡಿಗೆ ಮಾತ್ರ, ಎಲ್ಲಿ ಜಾರಿ ಬಿದ್ದೀತೋ ಎಂದು ಪಕ್ಕಪಕ್ಕದಲ್ಲೇ ಎರಡು ಹಾಕಿಬಿಟ್ಟಳು. ತೊಟ್ಟಿಯಿಂದ ತೆಗೆದಾಗ ಭಾವ ರೇಗಿದರು.

“ಎರಡೆರಡು ಯಾಕೇ? ಅದೇನು ಓಡಿಹೋಗುತ್ತಾ?”

“ಬಿದ್ದಿದ್ರೆ ತೊಟ್ಟಿಯೊಳಗೆ ನೀವು ಇಳೀತಿದ್ರಾ?”

ಶೆಡ್ಡೆಲ್ಲ ನಕ್ಕಿತು. ಆ ತುಂಡೂ ನಿಮ್ಮ ಗೋಡೆ ಸೇರಿತು.

ಈಗ ಅಕ್ಕ ನಿಮ್ಮ ವಾರ್ಡಿನಲ್ಲಿದ್ದಾಳೆ. ನನ್ನ ಮುಖ ಅವಳಿಗೆ ಗೊತ್ತಿಲ್ಲ, ಭಾವನದೂ ಗೊತ್ತಿಲ್ಲ. ಆದರೂ ಊಟದ ಕೋಣೆಯಿಂದ ತನ್ನ ಕೋಣೆಗೆ ಒಬ್ಬಳೇ ಬರುತ್ತಿದ್ದಳು. ಅದು ಹೇಗೆಂದು ನೋಡಲು ಆಯಾ ಒಮ್ಮೆ ಸದ್ದಿಲ್ಲದೆ ಹಿಂದೆಯೇ ನಡೆದಳಂತೆ. ಅಕ್ಕನ ಬೆರಳ ತುದಿ ಕಂಬಿಯ ಅಡಿಯನ್ನು ತಡವುತ್ತಾ ಹೋಗುತ್ತಿತ್ತು. ಒಂದು ಕಡೆ ನಿಂತು, “ಅಯ್ಯೋ, ಎರಡು ಹಾಕ್ಬಿಟ್ಟೆ,” ಎಂದು ತನ್ನಷ್ಟಕ್ಕೇ ನಕ್ಕು, ಪಕ್ಕದ ಬಾಗಿಲಿಗೆ ಹೊರಳಿದಳು. ಅದೇ ಅವಳ ಕೋಣೆ. ಆಯಾಗೆ ಈ ಮಾತಿನ ತಲೆಬುಡ ತಿಳಿಯಲಿಲ್ಲ. ಕಟ್ಟೆಯ ಮೇಲೆ ಅವಳು ಅದನ್ನು ಹೇಳಿದಾಗ ಭಾವ ಎದ್ದು ಒಳಗೆ ಹೋದರು. ತುಂಬ ಹೊತ್ತು ಹೊರಗೆ ಬರಲಿಲ್ಲ.

ನಿಮ್ಮ ಬೂದು ಬಣ್ಣ ಆ ಗುರುತುಗಳನ್ನು ಮುಚ್ಚಿತು. ಬಳಿದ ಮಾರನೆಯ ದಿನವೇ ಅಕ್ಕ ತನ್ನ ಬಾಗಿಲನ್ನು ದಾಟಿಕೊಂಡು ಹೋದಳು. ಕೊನೆಗೆ ಸಿಕ್ಕಿದ್ದು ಉಗ್ರಾಣದಲ್ಲಿ, ಮುರಿದ ಗಾಲಿಕುರ್ಚಿಗಳ ನಡುವೆ, ಒದ್ದೆ ಸೀರೆಯಲ್ಲಿ. “ಇವತ್ತು ಯಾರೂ ಕೆಲಸಕ್ಕೆ ಬಂದಿಲ್ವಾ?” ಎಂದು ಕೇಳಿದಳಂತೆ. ಅಂದಿನಿಂದ ಅವಳ ಕೋಣೆಗೆ ಹೊರಗಿನಿಂದ ಚಿಲಕ. ಅವಳ ಸುರಕ್ಷತೆಗಾಗಿಯೇ ಎಂದು ನಿಮ್ಮ ಕಚೇರಿ ನಮಗೆ ತಿಳಿಸಿದೆ. ಕೃತಜ್ಞರಾಗಿದ್ದೇವೆ.

ಇಡೀ ಮಂದಿರ ಏಕರೂಪವಾಗಿ ಕಾಣಬೇಕೆಂದು ನಿಮ್ಮ ಸುತ್ತೋಲೆ ಹೇಳುತ್ತದೆ. ಆ ಕಾರಿಡಾರಿನಲ್ಲಿ ನಡೆಯುವವರಿಗೆ ಎಲ್ಲ ಬಾಗಿಲೂ ಒಂದೇ ಥರ ಕಾಣುವುದೇ ಕಾಯಿಲೆ, ಸ್ವಾಮಿ. ಅದನ್ನು ಕಂಬಿಗೂ ಅಂಟಿಸಬೇಕಿತ್ತೇ? ಬಣ್ಣ ಆರಿಸುವಾಗ ನೀವು ಒಮ್ಮೆಯಾದರೂ ಆ ಕಂಬಿ ಹಿಡಿದು ಕಣ್ಣು ಮುಚ್ಚಿ ನಡೆದಿದ್ದಿರೇ? ಈಗ ಕಾಸ್ಟಿಕ್ಕಿನ ಸರದಿ. ಶೆಡ್ಡಿನಲ್ಲಿ ಕೆಟ್ಟ ಮಾಲಿನ ಚರ್ಮ ಸುಲಿಯಲು ಬಳಸುವುದು ಅದನ್ನೇ. ಕಂಬಿಯೆಲ್ಲ ಸುಲಿದು ಒರಟಾದ ಮೇಲೆ, ಅದರ ಮೇಲೆ ಮತ್ತೊಂದು ಬಣ್ಣ ಬಳಿದ ಮೇಲೆ, ಅಕ್ಕನ ಬೆರಳು ಏನನ್ನು ಹುಡುಕಬೇಕು?

ಇಷ್ಟು ಮಾಡಿ ಸಾಕು: ಬಕೆಟ್ಟನ್ನು ಗೇಟಿನಲ್ಲೇ ತಡೆಯಿರಿ. ಬಿಸಿನೀರು, ಹಳೇ ಬಟ್ಟೆ, ಉಗುರು, ಇವಿಷ್ಟರಲ್ಲೇ ಬೂದು ಬಣ್ಣ ಬಿಡುತ್ತದೆ. ಆ ಕೆಲಸ ನಮಗೆ ಬಿಡಿ. ಮತ್ತು ಆ ಚಿಲಕ ತೆಗೆಸಿ.

ಅಷ್ಟು ಸುಲಭವಾಗಿ ಬಿಡುತ್ತದೆಂದು ನಿಮಗೆ ಹೇಗೆ ಗೊತ್ತು ಎನ್ನುತ್ತೀರಿ. ಆಯಾ ಕಥೆ ಹೇಳಿದ ಮಾರನೆಯ ಬೆಳಿಗ್ಗೆ ಶೆಡ್ಡಿಗೆ ಬೀಗ ಹಾಕಿ ನಾವೆಲ್ಲ ವಾರ್ಡಿಗೆ ಬಂದೆವು. ಅಕ್ಕನ ಬಾಗಿಲ ಪಕ್ಕದ ಆ ಒಂದು ತುಂಡಿನ ಮುಂದೆ ನೆಲದ ಮೇಲೆ ಕೂತು ಕೆರೆದೆವು. ಕಾವಲುಗಾರ ಬಂದು, “ಯಾರ್ ಹೇಳಿದ್ರು ನಿಮಗೆ?” ಎಂದ. ನಾವು ಕೆರೆಯುತ್ತಲೇ ಇದ್ದುದನ್ನು ನೋಡಿ ಹೊರಟುಹೋದ. ಜೇನುಬಣ್ಣ ಕಂಡಿತು. ಆಯಾ ಚಿಲಕ ತೆಗೆದು ಅಕ್ಕನನ್ನು ಕಾರಿಡಾರಿನ ಆ ತುದಿಗೆ ಕರೆದೊಯ್ದು ಅವಳ ಕೈ ಬಿಟ್ಟಳು. ಅಕ್ಕ ಕಂಬಿ ತಡವುತ್ತಾ ಬಂದಳು, ನಿಂತಳು, ಬೆರಳನ್ನು ಅಲ್ಲೇ ಹಿಂದೆ ಮುಂದೆ ಆಡಿಸಿದಳು. ನೆಲದ ಮೇಲೆ ಕೂತಿದ್ದ ಭಾವನ ಕಡೆ ಬಗ್ಗಿ ಮೆಲ್ಲಗೆ ಹೇಳಿದಳು:

“ನಮ್ಮನೆಯವರಿಗೆ ಹೇಳ್ಬೇಡಿ. ರೇಗ್ತಾರೆ.”

“ಹೇಳಲ್ಲಮ್ಮ,” ಎಂದರು ಭಾವ.

ಅಕ್ಕ ಒಬ್ಬಳೇ ಒಳಗೆ ಹೋದಳು.

ಇಂತಿ,
ನಿಮ್ಮ ಬೂದು ಬಣ್ಣವನ್ನು ಇನ್ನೂ ಉಗುರಿನ ಸಂದಿಯಲ್ಲಿ ಇಟ್ಟುಕೊಂಡಿರುವ,
ಅಕ್ಕನಿಗೆ ಗುರುತು ಸಿಗದ ತಮ್ಮ