ಅನಿಲಕೂಟ ಬರಲಿಲ್ಲ

ಮಂಡಿಕಲ್
12 ನವೆಂಬರ್ 2024

ಮದುವೆಯಾಗದೆ ಸುಖವಾಗಿರುವ ಸೌಜನ್ಯಳಿಗೆ,

ಮುನಿಲಕ್ಷ್ಮಿಯ ಸಾಷ್ಟಾಂಗ ನಮಸ್ಕಾರಗಳು. ತಡವಾಯಿತು, ಬೈಯಬೇಡ. ನಾನು ಹಡಗು ಹತ್ತಿ, ಅಕ್ಷಾಂಶದ ಡಿಗ್ರಿಗೊಂದು ಸೀಸೆಯಂತೆ ಗಾಳಿ ತುಂಬಿಸುತ್ತ ದಕ್ಷಿಣಕ್ಕೆ, ಅಂಟಾರ್ಕ್ಟಿಕಾಕ್ಕೆ ಹೊರಡಲು ಇನ್ನು ಹತ್ತೇ ದಿನ. ಅಷ್ಟರೊಳಗೆ ಇಲ್ಲೊಂದು ಘನಕಾರ್ಯ ನಡೆಯಿತು.

ಭಾನುವಾರ ಗೌರಿಬಿದನೂರಿನಿಂದ ಗಂಡಿನ ಕಡೆಯವರು ದಯಮಾಡಿಸಿದರು. ಗಂಡು ತಿರುಮಲೇಶ್, ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಮಾತಾಡುವ ಹಕ್ಕನ್ನು ಸೋದರಮಾವ ಆವುಲಪ್ಪನವರಿಗೆ ಬಿಟ್ಟುಕೊಟ್ಟಿರುವ ಪ್ರಾಣಿ. ಆ ಮಹನೀಯರು ನಮ್ಮ ಬೋಂಡಾ ತಟ್ಟೆಯನ್ನು ಖಾಲಿಮಾಡಿ ಕೇಳಿದರು:

"ಗಾಳಿ ಹಿಡಿಯೋಕೆ ಹಡಗ್ಯಾಕಮ್ಮ? ನಮ್ ತೋಟದಾಗೆ ಬೇಕಾದಷ್ಟು ಹಿಡ್ಕೋ. ಮದ್ವೆ ಆದ್ಮೇಲೆ ಇವೆಲ್ಲ ವದ್ದು, ಬ್ಯಾಡ."

ನಾನು ಪುರೋಹಿತರ ಗಾಂಭೀರ್ಯ ತಂದುಕೊಂಡೆ. "ಎಲ್ಲಾ ಕಡೆ ಗಾಳಿ ಒಂದೇ ಅಲ್ಲ ಯಜಮಾನ್ರೇ. ಮೀಥೇನು, ಕಾರ್ಬನ್ ಮಾನಾಕ್ಸೈಡು ಉತ್ತರದಲ್ಲಿ ಜಾಸ್ತಿ. ಸಮಭಾಜಕ ವೃತ್ತ ದಾಟಿದ್ರೆ ಇಳಿಯುತ್ತೆ."

ಇಲ್ಲಿಯವರೆಗೆ ವಿಜ್ಞಾನ. ಮುಂದಿನದು ನನ್ನ ಸ್ವಂತ ಸಂಶೋಧನೆ. "ಉತ್ತರದ ಗಾಳಿ ಕುಡಿದ ಗಂಡಿಗೂ ದಕ್ಷಿಣದ ಗಾಳಿ ಕುಡಿದ ಹೆಣ್ಣಿಗೂ ಅನಿಲಕೂಟ ಬರಲ್ಲ. ಜಾತಕದಲ್ಲಿ ಇದನ್ನ ನೋಡಿಸಿಲ್ವಾ?"

"ಅಯ್ಯೋ ದೇವುಡಾ! ಪರಿಹಾರ ಇಲ್ವೇನಮ್ಮ?"

"ಇದೆ. ಹುಡುಗ ಪೂರ್ವಕ್ಕೆ ಮುಖ ಮಾಡಿ ಈ ಸೀಸೆಯೊಳಕ್ಕೆ ಉಸಿರು ಬಿಡಲಿ."

ಬಿಟ್ಟ ಕಣೇ! ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ, ಭಕ್ತಿಯಿಂದ. ನಾನು ಸೀಸೆಯನ್ನು ಬೆಳಕಿಗೆ ಹಿಡಿದು ನಿಟ್ಟುಸಿರಿಟ್ಟೆ. "ಬರೀ ಮೀಥೇನು. ಹಸುಗಳಲ್ಲಿ ಇದು ಸಾಮಾನ್ಯ."

ಆವುಲಪ್ಪನವರಿಗೆ ಆಗ ಹೊಳೆಯಿತು. "ಏಳೋ ಮೇಲೆ! ಹಸು ಅಂದ್ಲು ನಿನ್ನ!" ಕಾರು ಹೊರಟಮೇಲೆ ಅಮ್ಮ, "ನಿನ್ ಬಾಯಿಗೆ ಬೀಗ ಹಾಕ" ಎಂದಳು. ಇಂಥವನಿಗೆ ಹೆಂಡತಿಯಾಗಲು ನಾನು ಅಂಟಾರ್ಕ್ಟಿಕಾ ಬಿಡಬೇಕಿತ್ತಂತೆ!

ನಿನ್ನ ಲ್ಯಾಬಿನ ಗಾಳಿ ಸೀಸೆಗಳೂ ಸೋರದಿರಲಿ, ನಿನ್ನನ್ನು ನೋಡಲು ಬರುವವರಿಗೆ ಪೆರೇಸಂದ್ರದಲ್ಲೇ ದಾರಿ ತಪ್ಪಲಿ ಎಂದು ಹರಸುವ,

ಇನ್ನೂ ಬಿಕರಿಯಾಗದ
ಮುನಿಲಕ್ಷ್ಮಿ

ಮತ್ತೆ: ಕಾಗದ ಮಡಿಸುತ್ತಿದ್ದಾಗ ನಮ್ಮ ಪ್ರೊಫೆಸರ್ ಫೋನ್ ಮಾಡಿದರು. "ನೀನು ಹಡಗಿಗೆ ಬರಲ್ಲ ಅಂತ ನಿಮ್ಮ ತಂದೆ ಹೋದ ವಾರಾನೇ ಹೇಳಿದ್ರಲ್ಲಮ್ಮ. ನಿನ್ನ ಜಾಗಕ್ಕೆ ನರೇಂದ್ರನ್ನ ಹಾಕಿದೀನಿ. ಸೀಸೆ ತುಂಬೋದು ಅವನಿಗೆ ಸ್ವಲ್ಪ ಹೇಳಿಕೊಡು. ಮದುವೆಗೆ ಕರೀಬೇಕು, ಆಯ್ತಾ?"

ಹೋದ ವಾರವೇ ಅಪ್ಪ ಚಿಂತಾಮಣಿಯಿಂದ ನನಗೊಂದು ಉಣ್ಣೆಯ ಸ್ವೆಟರ್ ತಂದಿದ್ದ ಕಣೇ. "ಅಲ್ಲಿ ಚಳಿ ಜಾಸ್ತಿಯಂತೆ, ಹಾಕ್ಕೊಂಡು ನೋಡು" ಎಂದು ತಾನೇ ಗುಂಡಿ ಹಾಕಿದ್ದ.