ಮರಳಿ ತಂದ ಅಕ್ಷತೆ

ಹಳೇಬೀಡು
೧೭ ಜುಲೈ ೨೦೨೪, ಬುಧವಾರ

ಚಿರಂಜೀವಿ ದರ್ಶಿನಿಗೆ ನಿನ್ನ ಅಮ್ಮನ ಆಶೀರ್ವಾದ. ಆಶೀರ್ವಾದ ಮಾಡುವ ಯೋಗ್ಯತೆ ನನಗೆ ಉಳಿದಿದೆಯೋ ಇಲ್ಲವೋ, ಪೂರ್ತಿ ಓದಿ ನೀನೇ ತೀರ್ಮಾನಿಸು.

ಮೊನ್ನೆ ಸೋಮವಾರ ನೀನು ಫೋನ್ ಮಾಡಿ, ಭಾನುವಾರ ರಾತ್ರಿ ನಿಮ್ಮ ಸಂಶೋಧನಾ ಕೇಂದ್ರದೊಳಕ್ಕೆ ಇಲಿ ನುಗ್ಗಿ ನಿನ್ನ ಭತ್ತದ ಸಸಿಗಳನ್ನೆಲ್ಲ ಕಡಿದು ಹಾಕಿವೆ ಎಂದೆ. "ದೇವರ ಕೋಣೆ ಬೀರುವಲ್ಲಿ ಬ್ರೌನ್ ಕವರ್ ಇಟ್ಟಿದ್ದೆನಲ್ಲಮ್ಮ, ಇನ್ನು ಅದೊಂದೇ ಉಳ್ದಿರೋದು. ಇದೆ ತಾನೆ?" ಎಂದು ಕೇಳಿದೆ. ನಾನು ಇದೆ ಕಣೇ ಎಂದುಬಿಟ್ಟೆ. ಇರಲಿಲ್ಲ ದರ್ಶಿನಿ. ಶನಿವಾರವೇ ಆ ಕವರ್ ಖಾಲಿಯಾಗಿತ್ತು. ಖಾಲಿ ಮಾಡಿದವಳು ನಾನೇ.

ಭಾನುವಾರ ಆಷಾಢದ ಅಷ್ಟಮಿ. ನಿನ್ನ ಹೆಸರಿನಲ್ಲಿ ನೋಂಪಿಯ ವ್ರತ ಹಿಡಿದಿದ್ದೆ, ನಿನ್ನ ಪಿಎಚ್.ಡಿ. ನಿರ್ವಿಘ್ನವಾಗಿ ಮುಗಿಯಲಿ ಎಂದು. ಬಸದಿಯಲ್ಲಿ ಇಡುವ ಅಕ್ಷತೆ ಮುರಿದಿರಬಾರದು. ಮಿಲ್ಲಿನ ಅಕ್ಕಿಯಲ್ಲಿ ಯಾವ ಕಾಳಿಗೂ ಮೂತಿ ನೆಟ್ಟಗಿರುವುದಿಲ್ಲ, ಅದಕ್ಕೇ ನಮ್ಮಮ್ಮ ಒಂದೊಂದೇ ಭತ್ತವನ್ನು ಉಗುರಿನಿಂದ ಸುಲಿಯುತ್ತಿದ್ದರು. ಹೋದ ಸಲ ನೀನು ಬರುವ ಮುಂಚೆ, ನೋಂಪಿಗೆ ಒಂದು ಹಿಡಿ ಒಳ್ಳೆಯ ಭತ್ತ ತಂದುಕೊಡು ಎಂದು ನಾನೇ ಫೋನಿನಲ್ಲಿ ಕೇಳಿದ್ದೆ. ಬೀರು ತೆಗೆದರೆ ಕವರ್. ಕೇಳಿದ್ದನ್ನು ಮರೆಯದೆ ತಂದಿಟ್ಟಿದ್ದಾಳೆ ನನ್ನ ಮಗಳು ಎಂದು ಕಣ್ಣು ತುಂಬಿ ಬಂತು. ಇಡೀ ಮಧ್ಯಾಹ್ನ ಕನ್ನಡಕ ಹಾಕಿಕೊಂಡು ನೂರೆಂಟು ಕಾಳು ಸುಲಿದೆ. ಇನ್ನುಳಿದ ನಾಲ್ಕು ಮುರಿದವು, ಅಂಗಳದ ಗುಬ್ಬಿಗೆ ಎಸೆದೆ. ಸುಲಿದ ಕಾಳು ಕೆಂಪಗಿತ್ತು, ಎಷ್ಟು ಚೆನ್ನಾಗಿತ್ತು ಗೊತ್ತಾ!

ನಿನ್ನ ಭತ್ತದ ಬೆಲೆ ಗೊತ್ತಿಲ್ಲದವಳಲ್ಲ ನಾನು. ಹೋದ ಬೇಸಿಗೆ ಮಾದಿಹಳ್ಳಿಯ ನಮ್ಮ ಚೌಳು ಗದ್ದೆಯಲ್ಲಿ, ಉಪ್ಪು ಬೆಳ್ಳಗೆ ಹಕ್ಕಳೆ ಎದ್ದಿದ್ದ ಕಡೆ ಕುಕ್ಕರುಗಾಲಲ್ಲಿ ಕೂತು ನೀನು ನನಗೆ ಎಲ್ಲ ಹೇಳಿದ್ದೆ. ಉಪ್ಪುನೀರಲ್ಲೂ ಬೆಳೆಯುವ ಕರಾವಳಿಯ ಕಗ್ಗ ಭತ್ತಕ್ಕೂ ನಮ್ಮ ಭತ್ತಕ್ಕೂ ಸಂಬಂಧ ಬೆಳೆಸಿದ್ದೀಯಂತೆ. ಒಂದು ಜೀನ್‌ನ ದೆಸೆಯಿಂದ, ನೀರಿನ ಜತೆ ಮೇಲೇರುವ ಉಪ್ಪು ಎಲೆ ಮುಟ್ಟದೆ ಬೇರಿನಲ್ಲೇ ಉಳಿಯುತ್ತದಂತೆ. ಕಣ್ಣು ತಪ್ಪಿಸಿ ಮೇಲೆ ಬಂದ ಉಪ್ಪನ್ನು ಇನ್ನೊಂದು ಜೀನ್ ಜೀವಕೋಶದ ಒಳಗಿನ ಚೀಲಕ್ಕೆ ತುಂಬಿಸಿ ಇಡುತ್ತದಂತೆ. ಎರಡೂ ಒಂದೇ ಗಿಡದಲ್ಲಿ ಕೂಡಿ ಬರಲು ಏಳು ವರ್ಷ ಹಿಡಿಯಿತು ಎಂದೆ. ಸಾರಿಗೆ ಉಪ್ಪು ಹಾಕುವುದನ್ನೇ ಮರೆಯುವವಳು ಭತ್ತಕ್ಕೆ ಉಪ್ಪು ತಿನ್ನುವುದನ್ನು ಕಲಿಸುತ್ತೀಯಾ ಎಂದು ನಾನು ರೇಗಿಸಿದ್ದೆ. ಆ ಒಂದು ಗಿಡದ ಕಾಳೇ ಕವರಿನಲ್ಲಿದ್ದದ್ದು ಎಂದು ನನಗೆ ಹೊಳೆಯಲಿಲ್ಲವಲ್ಲ.

ನೀನು ಫೋನ್ ಇಡುವಾಗ, "ಇದೂ ಹೋದ್ರೆ ನಾನು ಮುಗ್ದೆ ಅಮ್ಮ" ಎಂದೆ. ಅತ್ತಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ನಿನ್ನ ದನಿಯಲ್ಲಿ ಏನೂ ಇರಲಿಲ್ಲ.

ನಿನ್ನೆ ಬೆಳಿಗ್ಗೆ ಬಸದಿಗೆ ಓಡಿದೆ. ಪುರೋಹಿತರು ಪುಷ್ಪದಂತರು, "ಅರ್ಪಿಸಿದ್ದು ನಿರ್ಮಾಲ್ಯ ಕಣಮ್ಮ, ವಾಪಸ್ ಕೇಳಬಾರ್ದು. ಅದೆಂಥ ಪಾಪ ಅಂತ ನಿಮಗೆ ನಾನು ಹೇಳಬೇಕಾ?" ಎಂದರು. ಹೇಳಬೇಕಿರಲಿಲ್ಲ. ನಮ್ಮ ಮನೆಯಲ್ಲಿ ನಿರ್ಮಾಲ್ಯದ ಒಂದು ಕಾಳನ್ನೂ ಯಾರೂ ಮನೆಯೊಳಗೆ ತಂದವರಲ್ಲ. ಆದರೂ ನಿಲ್ಲಲಿಲ್ಲ. ಆ ಅಕ್ಕಿಯನ್ನು ಒಯ್ಯುವುದು ಬಸದಿ ಅಂಗಳ ಗುಡಿಸುವ ಲಕ್ಕಮ್ಮ. ಅವಳ ಮನೆಗೆ ಹೋದೆ.

"ಕೋಳಿಗೆ ಹಾಕ್ಬುಟ್ಟೆ ಕಣ್ರವ್ವ. ಕೆಂಪಕ್ಕಿ ಅಂದ್ರೆ ಅವುಕ್ಕೆ ಪ್ರಾಣ," ಎಂದಳು.

ಅವಳ ಹಿತ್ತಲಿನ ಮಣ್ಣಿನಲ್ಲಿ ಮಂಡಿಯೂರಿ ಬಿಳಿ ಅಕ್ಕಿಯ ನಡುವೆ ಕೆಂಪು ಕಾಳು ಹುಡುಕಿದೆ. ಲಕ್ಕಮ್ಮನೂ ಪಕ್ಕದಲ್ಲಿ ಕೂತು ಆರಿಸಿದಳು. ಒಂದು ಹೇಂಟೆ ಎದುರಿಗೇ ಕತ್ತು ಉಬ್ಬಿಸಿಕೊಂಡು ನಿಂತಿತ್ತು. ನಿನ್ನ ಏಳು ವರ್ಷ ಅದರ ಹೊಟ್ಟೆಯಲ್ಲಿದೆ, ಕುಯ್ದರೆ ಸಿಕ್ಕೀತೇ ಎಂದು ನನ್ನ ಮನಸ್ಸು ಲೆಕ್ಕ ಹಾಕಿತು. ಮುನಿಗಳ ಮುಂದೆ ಅಹಿಂಸೆಯ ಅಣುವ್ರತ ತೊಟ್ಟವಳು, ಇರುವೆ ಕಂಡರೆ ದಾಟಿ ಹೋಗುವವಳು ನಾನು! ಕೈ ಮುಂದೆ ಹೋಗಲಿಲ್ಲ ಅಷ್ಟೆ. ಮನಸ್ಸು ಹೋಗಿತ್ತು.

ಸಿಕ್ಕಿದ್ದು ಹತ್ತೊಂಬತ್ತು. ಒರೆಸಿ, ಒಣಗಿಸಿ, ಹತ್ತಿಯಲ್ಲಿ ಸುತ್ತಿದ್ದೇನೆ. ನಿನ್ನ ತಮ್ಮ ಅರಿಹಂತ ಅರಸೀಕೆರೆಯಲ್ಲಿ ರೈಲು ಹಿಡಿದು ಈ ಕಾಗದದ ಜತೆ ಅದನ್ನೂ ನಿನ್ನ ಕೈಗೇ ಕೊಡುತ್ತಾನೆ. ಸಿಪ್ಪೆ ಇಲ್ಲದ ಕಾಳು ಮೊಳೆಯುತ್ತದೋ ಇಲ್ಲವೋ ನನಗೆ ತಿಳಿಯದು. ಒಂದನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ, ಮೂತಿಯಲ್ಲಿ ಮೊಳಕೆ ಒಡೆಯುವ ಆ ಪುಟ್ಟ ಬಿಳಿ ಚುಕ್ಕೆ ಹತ್ತೊಂಬತ್ತರಲ್ಲೂ ಇದೆ. ಅದರಿಂದ ಏನಾದರೂ ಆಗುತ್ತದೆಯೇ? ಆಗುತ್ತದೆ ಎನ್ನು ಮಗಳೇ. ಆಗದಿದ್ದರೂ ಫೋನ್ ಮಾಡಿ ಬಾಯಿಗೆ ಬಂದಂತೆ ಬೈಯಿ. ಸುಮ್ಮನಿರಬೇಡ. ಅರಿಹಂತನನ್ನು ಎರಡು ದಿನ ನಿನ್ನ ಜತೆಯಲ್ಲೇ ಇರು ಎಂದಿದ್ದೇನೆ, ಅವನನ್ನು ಓಡಿಸಬೇಡ.

ಕ್ಷಮಿಸು ಎಂದು ಬರೆಯಲೂ ನಾಚಿಕೆಯಾಗುವ
ನಿನ್ನ ಅಮ್ಮ,
ಜಿನಮತಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ನೋಂಪಿ ನಿನ್ನ ಪಿಎಚ್.ಡಿ. ಮುಗಿಯಲಿ ಎಂದಲ್ಲ. ನಿನಗೆ ಮೂವತ್ತೆರಡಾಯಿತು, ಈ ಭತ್ತದ ಹುಚ್ಚು ಬಿಟ್ಟು ಹೋಗಲಿ, ಮಗಳು ಮನೆಗೆ ಬರಲಿ, ಮದುವೆಗೆ ಒಪ್ಪಲಿ ಎಂದು ಬೇಡಿಕೊಂಡು ಆ ಅಕ್ಷತೆ ಇಟ್ಟೆ. ಅದೇ ರಾತ್ರಿ ಇಲಿ ನುಗ್ಗಿದವು. ನಿನ್ನೆ ಪುಷ್ಪದಂತರಿಗೆ ಇದನ್ನೂ ಹೇಳಿದೆ. ಜಿನರು ಯಾರಿಗೂ ಕೊಡುವುದಿಲ್ಲ, ಯಾರಿಂದಲೂ ಕಸಿದುಕೊಳ್ಳುವುದೂ ಇಲ್ಲ ಕಣಮ್ಮ ಎಂದರು. ಹಾಗಾದರೆ ನಿನ್ನಿಂದ ಕಸಿದುಕೊಂಡವಳು ನಾನೊಬ್ಬಳೇ.