ಮೂಲಾ ಕಣಿವೆ ತೆರೆದ ಮೇಲೆ

ಖೀಸುನ್‌ಖಲ್, ಹರ್ಬೋಯಿ ಬೆಟ್ಟ
೧೪ ಅಕ್ಟೋಬರ್ ೧೯೮೭

ಅಕ್ಕ ದುರ್ದಾನಾಳಿಗೆ ತಂಗಿ ಜಾನ್‌ಬೀಬಿಯ ಸಲಾಮು.

ನೀನು, ಭಾವ, ಮಕ್ಕಳು, ಒಂಟೆಗಳು, ಮಂದೆ ಎಲ್ಲರೂ ನೆಮ್ಮದಿಯಾಗಿದ್ದೀರಿ ಎಂದುಕೊಂಡಿದ್ದೇನೆ. ನಾವೂ ಇದ್ದೇವೆ. ಇಷ್ಟು ದಿನ ಒಂದು ಅಕ್ಷರವನ್ನೂ ಬರೆಯದಿದ್ದುದಕ್ಕೆ ಬೇಸರ ಮಾಡಿಕೊಳ್ಳಬೇಡ. ಗುಡ್ಡದ ಆ ಕಡೆಗೆ ಬಾಯಿಮಾತೂ ಹೋಗಕೂಡದು ಎಂದು ಗಂಡಸರು ಕಟ್ಟುಮಾಡಿದ್ದರು. ಅದು ಮುಗಿದು ಹತ್ತು ದಿನದ ಮೇಲಾಯಿತು. ಆದರೂ ಕೈ ಬರಲಿಲ್ಲ. ಅಪ್ಪ ನಮ್ಮಿಬ್ಬರನ್ನೂ ಮಸೀದಿಯ ಜಗಲಿಯಲ್ಲಿ ಕೂರಿಸಿ ಅಕ್ಷರ ತಿದ್ದಿಸುವಾಗ ಊರವರು ನಗುತ್ತಿದ್ದರಲ್ಲ, ಹೆಣ್ಣುಮಕ್ಕಳು ಯಾರಿಗೆ ಕಾಗದ ಬರೆಯಬೇಕು ಎಂದು. ಇಂಥ ಕಾಗದ ಬರೆಯಬೇಕಾಗುತ್ತದೆ ಎಂದು ಅಪ್ಪನಿಗೂ ಗೊತ್ತಿರಲಿಲ್ಲ.

ಒಂಟೆಯಿಂದ ಬಿದ್ದು ನಿನ್ನ ಸೊಂಟ ಮುರಿದ ಸುದ್ದಿ ತಿಳಿಯಿತು. ಅದಕ್ಕೇ ನೀನು ರಾಜಿಯ ದಿನ ಬರಲಿಲ್ಲ ಎಂದರು. ಆ ದಿನ ಏನಾಯಿತೆಂದು ಗಂಡಸರು ನಿನಗೆ ಹೇಳಿಯೇ ಇರುತ್ತಾರೆ. ಅವರು ಹೇಳುವುದು ನಮ್ಮ ಕುಲದ ಮುಖಂಡ ಟಕ್ಕರಿ ಏನೆಂದ, ಯಾರು ಎಲ್ಲಿ ಕೂತರು, ಎಷ್ಟು ಕುರಿ ಕೊಯ್ದರು ಎನ್ನುವುದನ್ನಷ್ಟೇ. ಉಳಿದದ್ದನ್ನು ನಾನು ಹೇಳುತ್ತೇನೆ.

ಮೊದಲು ಹೋದ ಚಳಿಗಾಲದ ಮಾತು. ನಿನ್ನ ಪೀರ್‌ದಾದ್ ಎಸೆದ ಕಲ್ಲಿಗೆ ನನ್ನ ಮೆಹರ್‌ದಿಲ್ ಸತ್ತ ಮೇಲೆ ಮೂಲಾ ಕಣಿವೆ ನಮಗೆ ಮುಚ್ಚಿಹೋಯಿತು. ಇಕ್ಕಟ್ಟಿನ ಜಾಗದಲ್ಲಿ ನಿಮ್ಮವರ ಡೇರೆಗಳಿವೆ. ಅಲ್ಲಿ ನಮ್ಮವರು ಕಾಲಿಟ್ಟರೆ ಎರಡು ಕಡೆಯೂ ಬಂದೂಕು ಏಳುತ್ತಿತ್ತು. ಹಾಗಾಗಿ ಪ್ರತಿ ಚಳಿಗಾಲಕ್ಕೂ ಹೋಗುವ ಕಚ್ಚಿಯ ಬಯಲಿಗೆ ಇಳಿಯದೆ ಇಲ್ಲೇ ಉಳಿದೆವು. ಹರ್ಬೋಯಿಯ ಹಿಮದಲ್ಲಿ ಚಳಿಗಾಲ ಕಳೆದವರು ನಮ್ಮ ಅಜ್ಜನ ಕಾಲದಲ್ಲೂ ಇರಲಿಲ್ಲ. ಒಣಮಾಂಸ ಮುಗಿಯಿತು, ಗಟ್ಟಿಮೊಸರಿನ ಉಂಡೆ ಮುಗಿಯಿತು. ಮೇಕೆಗಳು ನಿಂತಲ್ಲೇ ಮರಗಟ್ಟಿ ಸಾಯುತ್ತಿದ್ದವು. ಬೆಳಿಗ್ಗೆ ಎದ್ದು ಅವುಗಳ ಕಾಲು ಹಿಡಿದು ಎಳೆದುಹಾಕುವುದೇ ಕೆಲಸವಾಯಿತು. ಪಕ್ಕದ ಮನೆಯ ಬಾಣಂತಿ ಕೂಸನ್ನು ಕಳೆದುಕೊಂಡಳು. ಅವಳು ನನ್ನನ್ನು ಏನೂ ಅನ್ನಲಿಲ್ಲ, ಆದರೆ ನೀರಿಗೆ ಹೋದಾಗ ನನ್ನ ಮುಖ ನೋಡುವುದನ್ನು ಬಿಟ್ಟಳು. ನನ್ನ ಮಗನ ಲೆಕ್ಕಕ್ಕೆ ಇಡೀ ಊರು ಹಿಮದಲ್ಲಿ ಕೂತಿತ್ತು ಅಕ್ಕ.

ನನ್ನ ಗಂಡ ಶಾಹ್‌ದೋಸ್ತ್ ಮಾತು ಬಿಟ್ಟಿದ್ದ. ಅವನ ಅಣ್ಣನ ಮಕ್ಕಳು ಮಾತ್ರ ಬಂದೂಕು ಒರೆಸುತ್ತ ಪೀರ್‌ದಾದನನ್ನು ಎಲ್ಲಿ ಕಾಯಬೇಕು, ಹೇಗೆ ಹೊಡೆಯಬೇಕು ಎಂದು ಬೆಂಕಿಯ ಸುತ್ತ ಮಾತಾಡುತ್ತಿದ್ದರು. ಗಂಡನ ಸೋದರತ್ತೆ ಬೀಬೋ ನಿನಗೆ ಗೊತ್ತಲ್ಲ, ಹಲ್ಲಿಲ್ಲದಿದ್ದರೂ ನಾಲಿಗೆ ಇದೆ. ಒಂದು ದಿನ ಅವರಿಗೆ ಹೇಳಿಯೇಬಿಟ್ಟಳು: “ಒರಸ್ರಪ್ಪಾ ಒರಸ್ರಿ, ಚೆನ್ನಾಗಿ ಹೊಳೀಲಿ. ಮೇಕೆ ಸತ್ತ ಮೇಲೆ ಬಂದೂಕಲ್ಲೇ ಹಾಲು ಕರ್ಕೊಂಡು ಕುಡಿಯೋಣ.” ಯಾರೂ ನಗಲಿಲ್ಲ. ಆದರೆ ಹಿಮ ಕರಗಿದ ಮೇಲೆ ಟಕ್ಕರಿ ನಿಮ್ಮ ಕಡೆಗೆ ಆಳು ಕಳಿಸಿದ್ದು ಅವಳ ಮಾತಿನಿಂದಲೇ ಎಂದು ನನಗನಿಸುತ್ತದೆ.

ಬೇಸಿಗೆಯೆಲ್ಲ ಮಾತು ನಡೆಯಿತು. ನಡುವೆ ಒಬ್ಬ ಹಿರಿಯ, ಹೆಣ್ಣು ಕೊಟ್ಟು ಮುಗಿಸಿಬಿಡಿ ಎಂದನಂತೆ. ನಿನ್ನ ಶಾರೋಳನ್ನು ನನ್ನ ಕಿರಿಯವನಿಗೆ. ನಮ್ಮವರು ಒಪ್ಪುವ ಹಾಗೆ ತಲೆಯಾಡಿಸಿದ್ದರು. ನನ್ನ ಕಿವಿಗೆ ಬಿದ್ದದ್ದೇ ತಡ, ಗಂಡಸರು ಕೂತಿದ್ದಲ್ಲಿಗೆ ಹೋಗಿ ನಿಂತೆ. ಇದುವರೆಗೆ ನಾನು ಹಾಗೆ ಹೋದವಳಲ್ಲ. ಶಾರೋ ಈ ಮನೆಗೆ ಹೀಗೆ ಬಂದರೆ ಅವಳು ರೊಟ್ಟಿ ಸುಡುವಾಗಲೂ ನೀರು ತರುವಾಗಲೂ ನನಗೆ ಸತ್ತವನೇ ಕಾಣುತ್ತಾನೆ, ಅವಳಿಗೆ ನಾನು ದಿನಾ ಸಾವು ಬಡಿಸುತ್ತೇನೆ, ಅದು ಬೇಡ ಎಂದೆ. ಶಾಹ್‌ದೋಸ್ತ್ ಆಗ ಮೊದಲ ಸಲ ಬಾಯಿ ತೆರೆದ. “ಅವಳು ಹೇಳಿದ ಹಾಗೇ ಆಗ್ಲಿ. ಹೆತ್ತೋಳು ಅವಳು” ಎಂದ. ಆ ಮಾತು ಅಲ್ಲಿಗೇ ನಿಂತಿತು. ಶಾರೋಗೆ ಇದನ್ನು ಹೇಳಬೇಡ. ಹುಡುಗಿ ಹೆದರಿಕೊಳ್ಳುವುದು ಬೇಡ.

ರಾಜಿಯ ದಿನ ಬಿಸಿಲು ಏರಿದ ಮೇಲೆ ನಿಮ್ಮವರು ದಿಬ್ಬ ಹತ್ತಿ ಬಂದರು. ಮುಂದೆ ಹೆಂಗಸರು, ಕ್ಷಮೆ ಬೇಡುವವರ ಹಾಗೆ ತಲೆಯ ಮೇಲೆ ಶಾಲಿಲ್ಲ. ನಿನ್ನ ಅತ್ತೆ ಕುರಾನನ್ನು ನೆತ್ತಿಯ ಮೇಲೆ ಹೊತ್ತಿದ್ದಳು. ಆ ವಯಸ್ಸಿನಲ್ಲಿ ಅವಳ ಬಿಳಿ ಕೂದಲು ಗಾಳಿಗೆ ಹಾರುವುದನ್ನು ನೋಡಬಾರದಿತ್ತು. ನಮ್ಮ ಹೆಂಗಸರು ಓಡಿಹೋಗಿ ತಮ್ಮ ಶಾಲುಗಳನ್ನೇ ತೆಗೆದು ಅವರ ತಲೆಗೆ ಹೊದಿಸಿದರು. ಹಿಂದೆ ಗಂಡಸರು. ಎಲ್ಲರ ಹಿಂದೆ ಪೀರ್‌ದಾದ್, ಬರಿಗಾಲು, ತನ್ನ ಪೇಟವನ್ನೇ ಕೊರಳಿಗೆ ಹಗ್ಗದಂತೆ ಸುತ್ತಿಕೊಂಡಿದ್ದ. ಎಷ್ಟು ಸೊರಗಿದ್ದಾನೆ ಅಕ್ಕ. ಅವನಿಗೆ ಹೊಟ್ಟೆತುಂಬ ಹಾಕುತ್ತಿಲ್ಲವೇ?

ಕ್ಷಮಿಸುತ್ತೀಯಾ ಎಂದು ಟಕ್ಕರಿ ಶಾಹ್‌ದೋಸ್ತನನ್ನು ಕೇಳಿದ. ಶಾಹ್‌ದೋಸ್ತ್ ನನ್ನ ಕಡೆ ನೋಡಿದ. ಎಲ್ಲರೂ ನನ್ನ ಕಡೆಯೇ ತಿರುಗಿದರು. ನಾನು ಏನೇನೋ ಯೋಚಿಸಿಟ್ಟುಕೊಂಡಿದ್ದೆ, ಒಂದೂ ನೆನಪಾಗಲಿಲ್ಲ. ಹೋಗಿ ಅವನ ಮುಂದೆ ಕೂತೆ. ತಲೆ ಎತ್ತು ಎಂದೆ. ಎತ್ತಲಿಲ್ಲ. ಗದ್ದ ಹಿಡಿದು ನಾನೇ ಎತ್ತಿದೆ. ನಮ್ಮ ಅಪ್ಪನದೇ ಕಣ್ಣು, ನಿನಗೆ ಗೊತ್ತು.

“ಒಂದೇ ಮಾತು ಕೇಳ್ತೀನಿ, ಸುಳ್ಳು ಹೇಳ್ಬೇಡ. ಕೊನೇಗೆ ಅವನು ಏನಂದ?”

“ಏನೂ ಅನ್ಲಿಲ್ಲ ಚಿಕ್ಕಮ್ಮ. ನಗ್ತಿದ್ದ. ನಮ್ಮ ಮೇಕೆ ನಿಮ್ಮ ಹುಲ್ಲಿಗೆ ನುಗ್ಗಿತ್ತು, ಬೈದಾಡಿದ್ವಿ. ನಾ ಒಂದು ಕಲ್ಲು ಎಸೆದೆ, ತಪ್ಪಿಹೋಯ್ತು. ನಿನ್ನ ಗುರಿಗೆ ಕತ್ತೆನೂ ಸಾಯಲ್ಲ ಕಣೋ ಅಂತ ನಕ್ಕ. ಅದಕ್ಕೇ ಇನ್ನೊಂದು ಎಸೆದೆ.”

ಅಷ್ಟೇ. ನಾನು ಇಷ್ಟು ದಿನ ಅವನು ನನ್ನನ್ನು ಕೂಗಿದನೋ, ನೀರು ಕೇಳಿದನೋ ಎಂದು ಕಲ್ಪಿಸಿಕೊಂಡು ಸಾಯುತ್ತಿದ್ದೆ. ಅವನು ನಗುತ್ತಿದ್ದ. ಹೌದು, ಅವನು ಹಾಗೇ ನಗುತ್ತಿದ್ದ. ಚಿಕ್ಕವರಿದ್ದಾಗ ಇವರಿಬ್ಬರೂ ನನ್ನ ಅಂಗಳದಲ್ಲಿ ಹೀಗೇ ಜಗಳವಾಡಿದರೆ, ನಾನು ಒಂದೇ ಕೋಲಿನಲ್ಲಿ ಇಬ್ಬರಿಗೂ ಬಾರಿಸಿ, ಆಮೇಲೆ ಒಂದೇ ತಟ್ಟೆಯಲ್ಲಿ ಉಣಿಸುತ್ತಿರಲಿಲ್ಲವೇ?

ಅವನ ಕೊರಳ ಪೇಟವನ್ನು ಬಿಚ್ಚಿ ತಲೆಗೆ ಕಟ್ಟಿದೆ. “ಎದ್ದೇಳು. ಒಳಗೆ ಬಾ, ಚಹಾ ಆರಿಹೋಗುತ್ತೆ” ಎಂದೆ. ಗಂಡಸರು ದೇವರ ಹೆಸರು ಹೇಳಿ ಕೈ ಎತ್ತಿದರು. ಯಾರೋ ಬಿಕ್ಕಿದರು, ಶಾಹ್‌ದೋಸ್ತ್ ಇರಬೇಕು, ನಾನು ತಿರುಗಿ ನೋಡಲಿಲ್ಲ. ನನ್ನನ್ನು ದೊಡ್ಡ ಮನಸ್ಸಿನವಳು ಎಂದು ಹೊಗಳಿದರು. ಮನಸ್ಸು ದೊಡ್ಡದೋ ಚಿಕ್ಕದೋ ನನಗೆ ತಿಳಿಯದು. ನನಗೆ ಸಾಕಾಗಿತ್ತು. ದ್ವೇಷ ಹೊರುವುದಕ್ಕೂ ಮೈಯಲ್ಲಿ ಕಸುವು ಬೇಕು.

ಪೀರ್‌ದಾದ್ ರೊಟ್ಟಿಯನ್ನು ಮುಟ್ಟಲಿಲ್ಲ. ನಾನೇ ಮುರಿದು ಮಾಂಸದ ಸಾರಿನಲ್ಲಿ ಅದ್ದಿ ಕೊಟ್ಟೆ. ಆಗ ತಿಂದ. ಬೀಬೋ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವನು ಹೋದ ಮೇಲೆ, “ಹೆಂಗೆ ಕೈ ಬಂತೇ ನಿಂಗೆ?” ಎಂದಳು. ಬೈಗುಳವಲ್ಲ, ನಿಜವಾಗಿ ಕೇಳಿದಳು. ಗೊತ್ತಿಲ್ಲ ಅತ್ತೆ ಎಂದೆ. ಅವಳು ನನ್ನ ಪಕ್ಕ ಕೂತು ಕಾಲು ಒತ್ತಿಕೊಳ್ಳತೊಡಗಿದಳು.

ಈಗ ಊರಿಗೆ ಊರೇ ಗಂಟು ಕಟ್ಟುತ್ತಿದೆ. ಡೇರೆಯ ಕಪ್ಪು ಕಂಬಳಿಗಳನ್ನು ಬಿಸಿಲಿಗೆ ಹಾಕಿ ಹೊಲಿಯುತ್ತಿದ್ದೇವೆ. ಉಳಿದ ಮಂದೆ ಸಣ್ಣದು, ಬೇಗ ಇಳಿಯಬಹುದು. ಕೂಸು ಕಳೆದುಕೊಂಡ ಪಕ್ಕದ ಮನೆಯವಳು ನಿನ್ನೆ ಉಪ್ಪು ಕೇಳಿಕೊಂಡು ಬಂದು ಸ್ವಲ್ಪ ಹೊತ್ತು ಕೂತುಹೋದಳು. ಶಾಹ್‌ದೋಸ್ತ್ ಈಗ ನಿದ್ದೆ ಮಾಡುತ್ತಾನೆ, ಹಗಲಲ್ಲೂ ಮಾಡುತ್ತಾನೆ. ನನಗೆ ಮಾತ್ರ ಎಷ್ಟು ಮಲಗಿದರೂ ದಣಿವು ಹೋಗುವುದಿಲ್ಲ.

ಸೊಂಟಕ್ಕೆ ಕುರಿಯ ಬಾಲದ ಕೊಬ್ಬನ್ನು ಬಿಸಿಮಾಡಿ ಹಚ್ಚಿಸಿಕೋ, ತಣ್ಣನೆಯ ನೆಲದಲ್ಲಿ ಮಲಗಬೇಡ. ಶಾರೋಳ ಹಣೆಗೆ ನನ್ನದೊಂದು ಮುತ್ತು. ನಿನ್ನ ಅತ್ತೆಗೆ ನಾನು ಕಾಲು ಮುಟ್ಟಿದೆನೆಂದು ಹೇಳು. ದೇವರು ನಿನ್ನ ಮನೆಯ ಒಲೆಯನ್ನು ಆರಿಸದಿರಲಿ, ನಿನ್ನ ಮಕ್ಕಳು ನಿನ್ನ ಕಣ್ಣೆದುರೇ ಮುದುಕರಾಗಲಿ.

ನಿನ್ನ ತಂಗಿ
ಜಾನ್‌ಬೀಬಿ

ಮತ್ತೆ:

ಕಾಗದ ಮಡಚಿದವಳು ಮತ್ತೆ ಬಿಚ್ಚಿದೆ. ಪೀರ್‌ದಾದನನ್ನು ಕ್ಷಮಿಸಿದ್ದು ಸುಳ್ಳಲ್ಲ. ನಿನ್ನನ್ನು ಕ್ಷಮಿಸಲು ಇನ್ನೂ ಆಗಿಲ್ಲ. ಮೆಹರ್‌ದಿಲನನ್ನು ಮಣ್ಣು ಮಾಡಿದ ದಿನ, ಮೈ ತೊಳೆದು ಬಟ್ಟೆ ಸುತ್ತಿದ ಮೇಲೂ ಹೊತ್ತು ಇಳಿಯುವ ತನಕ ನಾನು ಅವನನ್ನು ಎತ್ತಲು ಬಿಡಲಿಲ್ಲ. ಯಾರಿಗಾಗಿ ಕಾಯುತ್ತೀ ಎಂದು ಎಲ್ಲರೂ ಕೇಳಿದರು. ಹೇಳಲಿಲ್ಲ. ನಿನ್ನನ್ನು ನಿಮ್ಮವರು ತಡೆದಿರಬಹುದು. ಯಾವ ಮುಖ ಹೊತ್ತು ಹೋಗಲಿ ಎಂದು ನೀನೇ ನಿಂತಿರಬಹುದು. ಯಾವ ಮುಖವಾದರೂ ಸಾಕಿತ್ತು. ಅಮ್ಮ ಇಲ್ಲ, ಉಳಿದವರೆಲ್ಲ ಗಂಡನ ಕಡೆಯವರು. ಆ ದಿನ ಕೊರಳು ಹಿಡಿದು ಅಳುವುದಕ್ಕೆ ಈ ಭೂಮಿಯ ಮೇಲೆ ನನಗೆ ಇದ್ದವಳು ಕೊಂದವನ ತಾಯಿ ಒಬ್ಬಳೇ.